ಲೆಕ್ಕ ಹಾಕಿದವರ ಲೆಕ್ಕ ಕೇಳೋರು ಯಾರು?

2021ರ ನವೆಂಬರ್ ಕೊನೆಯ ವಾರ. ಎಲ್ಲರ ಫೋನಿನಲ್ಲೂ ಒಂದೇ ಸುದ್ದಿ: ಭಾರತದಲ್ಲಿ ಈಗ ಗಂಡಸರಿಗಿಂತ ಹೆಂಗಸರೇ ಹೆಚ್ಚು! ಸಾವಿರ ಗಂಡಸರಿಗೆ 1020 ಹೆಂಗಸರು. ಫ್ಯಾಮಿಲಿ ಗ್ರೂಪುಗಳಲ್ಲಿ ಚಪ್ಪಾಳೆ, ಸ್ನೇಹಿತರ ಗ್ರೂಪುಗಳಲ್ಲಿ "ಹಾಗಾದ್ರೆ ನಂಗ್ಯಾಕೆ ಇನ್ನೂ ಹುಡುಗಿ ಸಿಕ್ಕಿಲ್ಲ" ಅನ್ನೋ ಜೋಕು. ಎರಡು ದಿನ ಓಡಾಡಿ ಸುದ್ದಿ ತಣ್ಣಗಾಯ್ತು. ಆದರೆ ಆ 1020 ಅನ್ನೋ ಅಂಕಿ ಮಾತ್ರ ತುಂಬ ಜನರ ತಲೆಯಲ್ಲಿ ಹಾಗೇ ಉಳಿದುಬಿಟ್ಟಿದೆ. "ಹೆಣ್ಣು ಭ್ರೂಣಹತ್ಯೆ ಎಲ್ಲ ಹಳೇ ಕಥೆ ಬಿಡಿ, ಈಗ ಹೆಣ್ಣುಮಕ್ಕಳೇ ಜಾಸ್ತಿ" ಅಂತ ಇವತ್ತಿಗೂ ಮದುವೆಮನೆ ಊಟದ ಪಂಕ್ತಿಯಲ್ಲಿ ಯಾರಾದರೂ ಹೇಳೋದು ಕಿವಿಗೆ ಬೀಳುತ್ತದೆ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಅಭ್ಯಾಸ ಇದೆ. ಡ್ಯಾಶ್‌ಬೋರ್ಡಿನ ಗ್ರಾಫ್ ಒಂದು ರಾತ್ರಿಯಲ್ಲಿ ದಿಢೀರನೆ ಮೇಲೇರಿದರೆ ಯಾರೂ ಕೇಕ್ ತರಿಸೋದಿಲ್ಲ. ಮೊದಲು ಕೇಳೋದು, "ನಿಜವಾಗಲೂ ಬಳಸೋರು ಹೆಚ್ಚಾದರಾ, ಇಲ್ಲಾ ನಾವು ಎಣಿಸೋ ರೀತಿ ಬದಲಾಯ್ತಾ?" ಅಂತ. ದೇಶದ ಅಂಕಿಅಂಶಕ್ಕೂ ಇದೇ ಪ್ರಶ್ನೆ ಕೇಳಬೇಕು. ಬದಲಾಗಿದ್ದು ಜನರ ಬದುಕೋ, ಅಳತೆಗೋಲೋ? ಈ ಪ್ರಶ್ನೆ ಕೇಳೋದನ್ನೇ ಕಸುಬು ಮಾಡಿಕೊಂಡ ಸಂಶೋಧಕರಿದ್ದಾರೆ. ಸಮೀಕ್ಷೆ ಮಾಡಿದವರ ಮೇಲೆಯೇ ಸಮೀಕ್ಷೆ ಮಾಡೋರು. ಈ ವಾರ ಅವರ ಕೆಲಸದ ಬಗ್ಗೆ.

ಆರು ಲಕ್ಷ ಮನೆ, ಒಂದು ಪ್ರಶ್ನೆಪಟ್ಟಿ

1020 ಅಂತ ಹೇಳಿದ್ದು ಜನಗಣತಿ ಅಲ್ಲ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಎನ್‌ಎಫ್‌ಎಚ್‌ಎಸ್ ಅಂತ ಪೇಪರಿನಲ್ಲಿ ಓದಿರುತ್ತೀರಿ. 1992-93ರಲ್ಲಿ ಮೊದಲ ಸುತ್ತು ನಡೆಯಿತು. ಕೇಂದ್ರ ಆರೋಗ್ಯ ಸಚಿವಾಲಯದ ಪರವಾಗಿ ಇದನ್ನು ನಡೆಸೋದು ಮುಂಬೈಯಲ್ಲಿರುವ ಐಐಪಿಎಸ್ ಎಂಬ ಜನಸಂಖ್ಯಾ ಅಧ್ಯಯನ ಸಂಸ್ಥೆ. ಐದನೇ ಸುತ್ತು 2019ರ ಜೂನ್‌ನಿಂದ 2021ರ ಏಪ್ರಿಲ್‌ವರೆಗೆ ನಡೆಯಿತು. 6,36,699 ಮನೆಗಳು, 7,24,115 ಮಹಿಳೆಯರು, 1,01,839 ಪುರುಷರು.

ಮನೆಗಳನ್ನು ಸುಮ್ಮನೆ ಸಿಕ್ಕಿದ ಕಡೆ ಬಾಗಿಲು ತಟ್ಟಿ ಆರಿಸೋದಿಲ್ಲ. ಮೊದಲು ಊರು ಅಥವಾ ಬಡಾವಣೆಗಳನ್ನು ಆರಿಸುತ್ತಾರೆ. ಅಲ್ಲಿನ ಎಲ್ಲ ಮನೆಗಳ ಪಟ್ಟಿ ಹೊಸದಾಗಿ ಮಾಡಿ, ಅದರಲ್ಲಿ 22 ಮನೆಗಳನ್ನು ಒಂದು ಕ್ರಮದಲ್ಲಿ ಹೆಕ್ಕುತ್ತಾರೆ. ಆ ಮನೆಗೆ ಬೀಗ ಹಾಕಿದ್ದರೆ ಪಕ್ಕದ ಮನೆಗೆ ಹೋಗುವ ಹಾಗಿಲ್ಲ, ಮತ್ತೆ ಅದೇ ಮನೆಗೆ ಬರಬೇಕು. ಯಾಕೆಂದರೆ ಹಗಲು ಹೊತ್ತು ಮನೆಯಲ್ಲಿ ಸಿಗುವವರನ್ನೇ ಎಣಿಸುತ್ತಾ ಹೋದರೆ, ಕೆಲಸಕ್ಕೆ ಹೋಗುವವರ ಕಥೆ ಲೆಕ್ಕಕ್ಕೇ ಬರೋದಿಲ್ಲ.

ಇಷ್ಟೆಲ್ಲ ಶಿಸ್ತು ಇದ್ದೂ 1020 ಹೇಗೆ ಬಂತು?

ನಿನ್ನೆ ರಾತ್ರಿ ಮನೆಯಲ್ಲಿ ಯಾರು ಮಲಗಿದ್ದರು?

ಆ ಅಂಕಿ ಬರೋದು ಒಂದು ಸರಳ ಪ್ರಶ್ನೆಯಿಂದ. ನಿನ್ನೆ ರಾತ್ರಿ ಈ ಮನೆಯಲ್ಲಿ ಯಾರ್ಯಾರು ಮಲಗಿದ್ದರು? ಹಾಗೆ ಮಲಗಿದ್ದವರ ಲೆಕ್ಕ ಅದು. ಕೆಲಸಕ್ಕೆ ಅಂತ ಊರು ಬಿಟ್ಟು ಹೋದ ಗಂಡಸು ಆ ಲೆಕ್ಕದಲ್ಲಿಲ್ಲ. ಸರಿ, ಅವನು ಹೋದ ಊರಿನಲ್ಲಿ ಲೆಕ್ಕಕ್ಕೆ ಸಿಗಬೇಕಲ್ಲ? ಅವನು ಮಲಗೋದು ಹಾಸ್ಟೆಲಿನಲ್ಲೋ, ಸೈನ್ಯದ ಬ್ಯಾರಕ್ಕಿನಲ್ಲೋ, ಕಟ್ಟಡದ ಸೈಟಿನ ತಗಡಿನ ಶೆಡ್ಡಿನಲ್ಲೋ. ಸಮೀಕ್ಷೆ ಹೋಗೋದು ಕುಟುಂಬಗಳ ಮನೆಗೆ. ಹಾಗಾಗಿ ಅವನು ಊರಲ್ಲೂ ಇಲ್ಲ, ಇಲ್ಲೂ ಇಲ್ಲ.

ಬಿಹಾರದ ಅಂಕಿ ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 2011ರ ಜನಗಣತಿಯಲ್ಲಿ ಅಲ್ಲಿ ಸಾವಿರ ಗಂಡಸರಿಗೆ 918 ಹೆಂಗಸರು. ಈ ಸಮೀಕ್ಷೆಯಲ್ಲಿ 1090! ಹತ್ತು ವರ್ಷದಲ್ಲಿ ಪವಾಡ ಏನೂ ನಡೆದಿಲ್ಲ. ಆ ಗಂಡಸರು ಬೆಂಗಳೂರು, ಮುಂಬೈ, ಸೂರತ್, ದೆಹಲಿಯಲ್ಲಿ ಕೆಲಸ ಮಾಡುತ್ತಿದ್ದಾರೆ, ಅಷ್ಟೆ. ಬಿಹಾರದ ನಿಜವಾದ ಪರಿಸ್ಥಿತಿ ತಿಳಿಯಬೇಕಾದರೆ ಅದೇ ವರದಿಯ ಇನ್ನೊಂದು ಸಾಲು ನೋಡಬೇಕು. ಹಿಂದಿನ ಐದು ವರ್ಷಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ 908 ಹೆಣ್ಣುಮಕ್ಕಳು. ಇಡೀ ದೇಶಕ್ಕೆ ಈ ಲೆಕ್ಕ 929. ಯಾರೂ ಅಡ್ಡ ಬರದಿದ್ದರೆ ಇದು ಸುಮಾರು 950ರ ಆಸುಪಾಸು ಇರಬೇಕಾಗಿತ್ತು. ಅಂದರೆ ಚಪ್ಪಾಳೆ ತಟ್ಟಿದ ವರದಿಯ ಒಳಗೇ ತಲೆ ತಗ್ಗಿಸಬೇಕಾದ ಅಂಕಿಯೂ ಇತ್ತು. ಫಾರ್ವರ್ಡ್ ಆಗಲಿಲ್ಲ.

ಇನ್ನೊಂದು ಸುಳಿವು ಹಳೇ ಸುತ್ತುಗಳಲ್ಲಿದೆ. 2005-06ರ ಮೂರನೇ ಸುತ್ತಿನಲ್ಲಿ ಈ ಅಂಕಿ 1000 ಇತ್ತು. 2015-16ರ ನಾಲ್ಕನೇ ಸುತ್ತಿನಲ್ಲಿ 991. ಅದೇ ಕಾಲದ ಜನಗಣತಿ ಹೇಳಿದ್ದೇನು? 2001ರಲ್ಲಿ 933, 2011ರಲ್ಲಿ 943. ಅಂದರೆ ಈ ತಕ್ಕಡಿ ಮೊದಲಿನಿಂದಲೂ ಒಂದು ಕಡೆ ಜಗ್ಗುತ್ತದೆ. ತಕ್ಕಡಿ ಯಾವ ಕಡೆ ಎಷ್ಟು ಜಗ್ಗುತ್ತದೆ ಅಂತ ಗೊತ್ತಿದ್ದರೆ ಅದರಲ್ಲೂ ವ್ಯಾಪಾರ ಮಾಡಬಹುದು. ಗೊತ್ತಿಲ್ಲದೆ ತೂಗಿದರೆ ಮೋಸ.

ಜೂನ್ 1ರಂದು ಹುಟ್ಟಿದವರು

ಸಂಶೋಧಕರು ಮೊದಲು ಪರೀಕ್ಷೆ ಮಾಡೋದು ವಯಸ್ಸನ್ನು. ನಮ್ಮ ಕಡೆ ಹಿರಿಯರ ಹುಟ್ಟುಹಬ್ಬ ನೋಡಿ. ಎಷ್ಟೋ ಜನರದ್ದು ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ತಾರೀಖು ಅದು. ಹಳ್ಳಿಯಲ್ಲಿ ಅಜ್ಜಿಯ ವಯಸ್ಸು ಕೇಳಿದರೆ "ಅರವತ್ತೋ ಅರವತ್ತೈದೋ ಇರಬೇಕು ಕಣಪ್ಪ" ಅನ್ನೋ ಉತ್ತರ. ಅರವತ್ಮೂರು ಅಂತ ಯಾರೂ ಹೇಳೋದಿಲ್ಲ.

ಹೀಗಾಗಿ ಸಮೀಕ್ಷೆಯಲ್ಲಿ 25, 30, 35, 40ನೇ ವಯಸ್ಸಿನವರು ಗುಂಪುಗುಂಪಾಗಿ ಸಿಗುತ್ತಾರೆ. 29, 31ರವರು ಕಾಣೆ. ಇದನ್ನು ಅಳೆಯೋಕೆ ವಿಪಲ್ ಸೂಚ್ಯಂಕ ಅಂತ ಒಂದಿದೆ. 23ರಿಂದ 62 ವರ್ಷದವರೆಗಿನ ಜನರಲ್ಲಿ, ಸೊನ್ನೆ ಅಥವಾ ಐದರಲ್ಲಿ ಕೊನೆಯಾಗುವ ವಯಸ್ಸು ಹೇಳಿದವರು ಎಷ್ಟು ಅಂತ ನೋಡುತ್ತಾರೆ. ಐದರಲ್ಲಿ ಒಬ್ಬರಿದ್ದರೆ ಸೂಚ್ಯಂಕ 100, ಎಲ್ಲ ಸರಿ. ಎಲ್ಲರೂ ಅದನ್ನೇ ಹೇಳಿದರೆ 500. ಒಂದು ಕಾಸು ಖರ್ಚಿಲ್ಲದೆ, ಯಾರ ಮನೆಗೂ ಮತ್ತೆ ಹೋಗದೆ, ಇಡೀ ಸಮೀಕ್ಷೆಯ ನಾಡಿ ಹಿಡಿದು ನೋಡೋ ವಿಧಾನ ಇದು.

ಇದನ್ನು ಕಡಿಮೆ ಮಾಡೋಕೆ ಸಮೀಕ್ಷೆಗಳಲ್ಲಿ ವಯಸ್ಸನ್ನು ನೇರವಾಗಿ ಕೇಳಿ ಬಿಡೋದಿಲ್ಲ. ಎಲ್ಲರಿಗೂ ನೆನಪಿರುವ ಘಟನೆಗೆ ಜೋಡಿಸಿ ಕೇಳುತ್ತಾರೆ. ನಮ್ಮ ಕಡೆಯಾದರೆ "ವೀರಪ್ಪನ್ ಅಣ್ಣಾವ್ರನ್ನ ಹೊತ್ಕೊಂಡು ಹೋದಾಗ ನಿಮ್ಮ ದೊಡ್ಡ ಮಗ ನಡೀತಿದ್ನಾ, ಅಂಬೆಗಾಲಾ?" ಅಂತ ಕೇಳಬಹುದು. ಆ ತಾಯಿಗೆ ಇಸವಿ ಮರೆತಿರಬಹುದು. ಅದು ಮರೆತಿರೋದಿಲ್ಲ.

ವಯಸ್ಸಿನಲ್ಲಿ ಇನ್ನೊಂದು ಬಗೆಯ ತಪ್ಪೂ ನುಸುಳುತ್ತದೆ. ಅದು ಉತ್ತರ ಹೇಳುವವರದ್ದಲ್ಲ, ಪ್ರಶ್ನೆ ಕೇಳುವವರದ್ದು. ಈ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಮಹಿಳೆಯರನ್ನು ಮಾತ್ರ ದೀರ್ಘವಾಗಿ ಮಾತಾಡಿಸಬೇಕು. ಐದು ವರ್ಷದೊಳಗಿನ ಮಗು ಇದ್ದರೆ ಲಸಿಕೆ, ಎದೆಹಾಲು, ಭೇದಿ, ಜ್ವರ ಅಂತ ಉದ್ದಕ್ಕೆ ಪ್ರಶ್ನೆಗಳಿರುತ್ತವೆ. ಬಿಸಿಲಲ್ಲಿ ದಿನಾ ಮನೆಮನೆ ತಿರುಗುವ ಸಂದರ್ಶಕಿಗೆ ಒಂದು ಸುಲಭದ ದಾರಿ ಕಾಣುತ್ತದೆ. ನಾಲ್ಕೂಮುಕ್ಕಾಲು ವರ್ಷದ ಮಗುವನ್ನು ಐದು ತುಂಬಿದೆ ಅಂತ ಬರೆದರೆ ಅರ್ಧ ಗಂಟೆ ಉಳೀತು. 48ರ ಹೆಂಗಸನ್ನು 50 ಅಂತ ಬರೆದರೆ ಪೂರ್ತಿ ಸಂದರ್ಶನವೇ ಉಳೀತು.

ಅನೇಕ ದೇಶಗಳ ಇಂಥ ಸಮೀಕ್ಷೆಗಳಲ್ಲಿ ಇದನ್ನು ಸಂಶೋಧಕರು ಹಿಡಿದಿದ್ದಾರೆ. ಹಿಡಿಯೋ ರೀತಿ ಸರಳ. ನಾಲ್ಕು ವರ್ಷದ ಮಕ್ಕಳು ದಿಢೀರನೆ ಕಡಿಮೆಯಾಗಿ ಐದು ವರ್ಷದವರು ದಿಢೀರನೆ ಹೆಚ್ಚಾಗಿದ್ದರೆ, ಮಕ್ಕಳು ಹುಟ್ಟೋದರಲ್ಲಿ ವಿಚಿತ್ರ ನಡೆದಿಲ್ಲ, ಬರೆಯೋದರಲ್ಲಿ ನಡೆದಿದೆ. ಇದು ಸಣ್ಣ ಕಳ್ಳಾಟದಂತೆ ಕಂಡರೂ ಪರಿಣಾಮ ಸಣ್ಣದಲ್ಲ. ಇತ್ತೀಚಿನ ಹೆರಿಗೆಗಳು ಲೆಕ್ಕದಲ್ಲಿ ಕಡಿಮೆಯಾಗಿ, ಜನನ ಪ್ರಮಾಣ ಇಳಿದೇಬಿಟ್ಟಿತು ಅನ್ನೋ ಹಾಗೆ ಕಾಣುತ್ತದೆ. ಅದಕ್ಕೇ ಸಮೀಕ್ಷೆ ನಡೀತಿರುವಾಗಲೇ ಒಂದೊಂದು ತಂಡದ ಅಂಕಿಗಳನ್ನು ಪಟ್ಟಿ ಮಾಡಿ ನೋಡುತ್ತಾರೆ. ಯಾವ ತಂಡದಲ್ಲಿ 50ರ ಹೆಂಗಸರು ವಿಪರೀತ? ಯಾರ ಸಂದರ್ಶನ ಬೇಗ ಮುಗೀತಿದೆ? ಅಂಥ ತಂಡದ ಮೇಲ್ವಿಚಾರಕರಿಗೆ ಫೋನ್ ಹೋಗುತ್ತದೆ.

ಬೆರಳ ತುದಿಯ ಒಂದು ಹನಿ

ರಕ್ತಹೀನತೆಯ ಅಂಕಿಯಲ್ಲಿ ಸಮಸ್ಯೆ ಇರೋದು ಉತ್ತರದಲ್ಲಲ್ಲ, ಉಪಕರಣದಲ್ಲಿ. ನಾಲ್ಕನೇ ಸುತ್ತಿನಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 58.6ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಐದನೇ ಸುತ್ತಿನಲ್ಲಿ ಅದು ಶೇ 67.1ಕ್ಕೆ ಏರಿತು. ಗಾಬರಿಯಾಗುವ ಅಂಕಿಯೇ.

ಆದರೆ 2016-18ರಲ್ಲಿ ಮಕ್ಕಳ ಪೌಷ್ಟಿಕತೆಯ ಬಗ್ಗೆಯೇ ಇನ್ನೊಂದು ರಾಷ್ಟ್ರೀಯ ಸಮೀಕ್ಷೆ ನಡೆದಿತ್ತು. ಅದರಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಸಿಕ್ಕಿದ್ದು ಶೇ 41. ವಯಸ್ಸಿನ ಗುಂಪು ಸ್ವಲ್ಪ ಬೇರೆ, ನಿಜ. ಆದರೆ ದೊಡ್ಡ ವ್ಯತ್ಯಾಸ ರಕ್ತ ತೆಗೆದ ರೀತಿಯಲ್ಲಿತ್ತು. ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬೆರಳಿಗೋ ಹಿಮ್ಮಡಿಗೋ ಚುಚ್ಚಿ ಒಂದು ಹನಿ ತೆಗೆದು, ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರದಲ್ಲಿ ನೋಡುತ್ತಾರೆ. ಇನ್ನೊಂದರಲ್ಲಿ ಲ್ಯಾಬಿನಲ್ಲಿ ತೆಗೆಯುವಂತೆ ನರದಿಂದ ರಕ್ತ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದ್ದರು. ಬೆರಳಿಂದ ರಕ್ತ ಬರದಿದ್ದಾಗ ಹಿಂಡಿದರೆ ಸುತ್ತಲಿನ ನೀರಿನಂಶವೂ ಬೆರೆತು ಹಿಮೋಗ್ಲೋಬಿನ್ ಕಡಿಮೆ ತೋರಿಸಬಹುದು.

ಇದರ ಫಲ ನಮ್ಮ ತಟ್ಟೆಗೇ ಬರುತ್ತದೆ. ರೇಷನ್ ಅಂಗಡಿಗೆ ಬಂದಿದ್ದ ಸಾರವರ್ಧಿತ ಅಕ್ಕಿ ಗೊತ್ತಲ್ಲ? ಊರಲ್ಲಿ "ಪ್ಲಾಸ್ಟಿಕ್ ಅಕ್ಕಿ ಬೆರೆಸಿದ್ದಾರೆ" ಅಂತ ಜನ ಹೆದರಿ ಆರಿಸಿ ಎಸೆದ ಕಾಳು. ಅದರಲ್ಲಿ ಕಬ್ಬಿಣಾಂಶ ಸೇರಿಸೋ ಯೋಜನೆಯ ಸಮರ್ಥನೆಗೆ ಬಳಸಿದ್ದು ಇಂಥ ಸಮೀಕ್ಷೆಗಳ ಅಂಕಿಗಳನ್ನೇ. ಹನಿ ರಕ್ತದ ಪ್ರಶ್ನೆ ಕೋಟ್ಯಂತರ ಜನರ ಅನ್ನದ ಪ್ರಶ್ನೆ. ಈ ಚರ್ಚೆಯ ನಂತರ ಆರನೇ ಸುತ್ತಿನಿಂದ ರಕ್ತಹೀನತೆ ಪರೀಕ್ಷೆಯನ್ನು ಕೈಬಿಟ್ಟರು. ಅದನ್ನು ನರದ ರಕ್ತ ಬಳಸುವ ಬೇರೆ ಸಮೀಕ್ಷೆಗೆ ಬಿಟ್ಟುಕೊಟ್ಟರು. ಇದರಲ್ಲೂ ಒಂದು ನಷ್ಟ ಇದೆ. ಹಳೇ ಸುತ್ತುಗಳ ಜೊತೆ ಹೋಲಿಸಿ "ಮೊದಲಿಗಿಂತ ಮೇಲಾ, ಕೆಳಗಾ" ಅಂತ ಹೇಳುವ ದಾರವೇ ಕತ್ತರಿಸಿ ಹೋಗುತ್ತದೆ. ತುಸು ತಪ್ಪು ತೋರಿಸುವ ಗಡಿಯಾರ ಕೂಡ, ಪ್ರತಿ ಸಲ ಅಷ್ಟೇ ತಪ್ಪು ತೋರಿಸಿದರೆ, ಎಷ್ಟು ಹೊತ್ತು ಕಳೆಯಿತು ಅಂತ ಸರಿಯಾಗಿಯೇ ಹೇಳುತ್ತದೆ.

ಕರ್ನಾಟಕದ 44.4

ಈಗ ನಮ್ಮ ಮನೆಯೊಳಗಿನ ಅಂಕಿಗೆ ಬರೋಣ. ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದೇವೆ ಅಂತ ಹೇಳಿದ, 18ರಿಂದ 49 ವರ್ಷದ, ಮದುವೆಯಾದ ಮಹಿಳೆಯರು ಕರ್ನಾಟಕದಲ್ಲಿ ನಾಲ್ಕನೇ ಸುತ್ತಿನಲ್ಲಿ ಶೇ 20.6. ಐದನೇ ಸುತ್ತಿನಲ್ಲಿ ಶೇ 44.4. ದೇಶದಲ್ಲೇ ಅತಿ ಹೆಚ್ಚು. ಇಡೀ ದೇಶದ ಅಂಕಿ ಅದೇ ಅವಧಿಯಲ್ಲಿ 31.2ರಿಂದ 29.3ಕ್ಕೆ ತುಸು ಇಳಿದಿತ್ತು.

ತಕ್ಷಣ ಹೊಳೆಯೋ ಕಾರಣ ಲಾಕ್‌ಡೌನ್. ಎಲ್ಲರೂ ಮನೆಯಲ್ಲೇ ಕೂತಿದ್ದರಲ್ಲ, ಅದಕ್ಕೇ ಅಂತ. ಆದರೆ ಕರ್ನಾಟಕ ಇದ್ದದ್ದು ಈ ಸಮೀಕ್ಷೆಯ ಮೊದಲ ಹಂತದಲ್ಲಿ. ಆ ಹಂತ 2020ರ ಜನವರಿಗೇ ಮುಗಿದಿತ್ತು. ಲಾಕ್‌ಡೌನ್ ಶುರುವಾಗಿದ್ದು ಮಾರ್ಚ್ ಕೊನೆಗೆ. ಒಂದು ತಾರೀಖು ನೋಡಿದರೆ ಸಾಕು, ಆ ವಾದ ಬಿದ್ದುಹೋಗುತ್ತದೆ.

ಹಾಗಾದರೆ ಸ್ಯಾಂಪಲ್ ಚಿಕ್ಕದಿದ್ದ ಕಾರಣವಾ? ಈ ಪ್ರಶ್ನೆಗಳನ್ನು ಎಲ್ಲ ಮನೆಯಲ್ಲೂ ಕೇಳೋದಿಲ್ಲ, ನಿಜ. ಸುಮಾರು ಶೇ 15ರಷ್ಟು ಮನೆಗಳಲ್ಲಿ ಮಾತ್ರ, ಅಲ್ಲೂ ಒಬ್ಬರೇ ಮಹಿಳೆಗೆ. ಆದರೂ ಒಂದು ರಾಜ್ಯಕ್ಕೆ ಆ ಸಂಖ್ಯೆ ಸಾಕಷ್ಟಿರುತ್ತದೆ. ಅಂಕಿ ಎರಡು-ಮೂರು ಅಂಶ ಆಚೀಚೆ ಆಗಬಹುದು. 20 ಇದ್ದದ್ದು 44 ಆಗೋದಿಲ್ಲ.

ಉಳಿಯೋದು ಎರಡೇ. ಹೊಡೆತ ನಿಜಕ್ಕೂ ಹೆಚ್ಚಾಗಿರಬೇಕು, ಇಲ್ಲಾ ಹೇಳಿಕೊಳ್ಳೋದು ಹೆಚ್ಚಾಗಿರಬೇಕು. ಎರಡೂ ಸ್ವಲ್ಪ ಸ್ವಲ್ಪ ಇರಲೂಬಹುದು. ಇದನ್ನು ಕೇಳುವ ರೀತಿ ತಿಳಿದರೆ ಎರಡನೇ ಸಾಧ್ಯತೆ ಯಾಕೆ ದೊಡ್ಡದು ಅಂತ ಅರ್ಥವಾಗುತ್ತದೆ. "ನಿಮ್ಮ ಮೇಲೆ ದೌರ್ಜನ್ಯ ಆಗಿದೆಯಾ" ಅಂತ ಕೇಳೋದಿಲ್ಲ. ತಳ್ಳಿದ್ದಾರಾ, ಕೆನ್ನೆಗೆ ಹೊಡೆದಿದ್ದಾರಾ, ಕೈ ತಿರುಚಿದ್ದಾರಾ, ಒದ್ದಿದ್ದಾರಾ ಅಂತ ಒಂದೊಂದಾಗಿ ಕೇಳುತ್ತಾರೆ. ಯಾಕೆಂದರೆ ಕೆನ್ನೆಗೆ ಬಿದ್ದ ಏಟನ್ನು "ದೌರ್ಜನ್ಯ" ಅಂತ ಕರೆಯೋದನ್ನು ಎಷ್ಟೋ ಹೆಂಗಸರಿಗೆ ಯಾರೂ ಕಲಿಸಿಲ್ಲ. ಕೇಳುವಾಗ ಬೇರೆ ಯಾರೂ ಹತ್ತಿರ ಇರಬಾರದು. ಅತ್ತೆ ಬಾಗಿಲಲ್ಲಿ ನಿಂತರೆ ಮಾತು ನಿಲ್ಲಿಸಬೇಕು. ಏಕಾಂತ ಸಿಗದಿದ್ದರೆ ಆ ಭಾಗವನ್ನೇ ಬಿಡಬೇಕು ಅಂತ ನಿಯಮ.

ಈಗ ಯೋಚಿಸಿ. ಹೆಸರು ಗೊತ್ತಿಲ್ಲದ, ಅರ್ಧ ಗಂಟೆ ಹಿಂದೆ ಮನೆಗೆ ಬಂದ ಹುಡುಗಿಯೊಬ್ಬಳಿಗೆ "ಹೌದು, ಹೊಡೀತಾರೆ" ಅಂತ ಹೇಳೋಕೆ ಏನು ಬೇಕು? ಆ ಹುಡುಗಿಯ ದನಿ, ಅವಳಾಡುವ ಕನ್ನಡ, ಅವಳಿಗೆ ಸಿಕ್ಕ ತರಬೇತಿ, ಅವಳ ಬ್ಯಾಗಿನಲ್ಲಿ ಉಳಿದಿರುವ ಇನ್ನೆಷ್ಟು ಮನೆ, ಎಲ್ಲವೂ ಉತ್ತರವನ್ನು ಬದಲಿಸುತ್ತವೆ. ಸಂದರ್ಶಕರು ಬದಲಾದರೆ ಇಂಥ ಪ್ರಶ್ನೆಗಳ ಉತ್ತರ ಬದಲಾಗೋದನ್ನು ಸಮೀಕ್ಷೆಯ ಗುಣಮಟ್ಟ ಅಧ್ಯಯನ ಮಾಡುವವರು ಮತ್ತೆ ಮತ್ತೆ ಕಂಡಿದ್ದಾರೆ.

ಆದರೆ ಇಲ್ಲಿ ಎಚ್ಚರ ಬೇಕು. "ಸಮೀಕ್ಷೆಯಲ್ಲಿ ಲೋಪ ಇರಬಹುದು" ಅನ್ನೋದನ್ನೇ ಹಿಡಿದು 44.4ನ್ನು ಕಸದಬುಟ್ಟಿಗೆ ಹಾಕೋದು ಸುಲಭ. ಆಗದ ಹೊಡೆತವನ್ನು ಅಪರಿಚಿತರ ಮುಂದೆ ಕಟ್ಟಿ ಹೇಳುವವರು ಎಷ್ಟು ಜನ? ಆದ ಹೊಡೆತವನ್ನು ನುಂಗಿಕೊಂಡು "ಇಲ್ಲಮ್ಮ, ಅಂಥದ್ದೇನಿಲ್ಲ" ಅನ್ನುವವರು ಎಷ್ಟು ಜನ? ಈ ಪ್ರಶ್ನೆಯ ತಪ್ಪು ಸಾಮಾನ್ಯವಾಗಿ ಒಂದೇ ಕಡೆ ಜಗ್ಗುತ್ತದೆ, ಕಡಿಮೆಯ ಕಡೆಗೆ. ಹಾಗಾಗಿ ನಾವು ಅನುಮಾನ ಪಡಬೇಕಾದದ್ದು 44.4ರ ಮೇಲಲ್ಲ, ಬಹುಶಃ ಹಳೆಯ 20.6ರ ಮೇಲೆ. 1020ನ್ನು ಪ್ರಶ್ನಿಸಿದ ಅದೇ ವಿಧಾನ ಇಲ್ಲಿ ಅಂಕಿಯ ಪರವಾಗಿ ನಿಲ್ಲುತ್ತದೆ. ಅಳತೆ ಪರೀಕ್ಷಿಸೋದು ಅಂದರೆ ನಮಗೆ ಇಷ್ಟವಾಗದ ಅಂಕಿಯನ್ನು ತಳ್ಳಿಹಾಕುವ ಕೆಲಸ ಅಲ್ಲ.

ತಪ್ಪು ಹುಡುಕೋದೇ ಮರ್ಯಾದೆ

ಈ ಸಂಪ್ರದಾಯ ನಮ್ಮಲ್ಲಿ ಹೊಸದೇನಲ್ಲ. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹಿಂದಿದ್ದ ಪಿ.ಸಿ. ಮಹಾಲನೋಬಿಸ್ ಒಂದು ಉಪಾಯ ಬಳಸಿದ್ದರು. ಒಂದೇ ಪ್ರದೇಶಕ್ಕೆ ಎರಡು ತಂಡ ಕಳಿಸಿ, ಬೇರೆ ಬೇರೆ ಸ್ಯಾಂಪಲ್ ಕೊಟ್ಟು, ಎರಡರ ಉತ್ತರ ಹೋಲಿಸೋದು. ಎರಡೂ ಹತ್ತಿರ ಇದ್ದರೆ ನೆಮ್ಮದಿ. ದೂರ ಇದ್ದರೆ ಎಲ್ಲೋ ಎಡವಟ್ಟಾಗಿದೆ. ಜನಗಣತಿ ಕೂಡ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಎಣಿಕೆ ಮುಗಿದ ಮೇಲೆ ಕೆಲವು ಕಡೆ ಮತ್ತೆ ಎಣಿಸುತ್ತಾರೆ. 2011ರ ಜನಗಣತಿಯಲ್ಲಿ ಸಾವಿರಕ್ಕೆ 23 ಜನ ಬಿಟ್ಟುಹೋಗಿದ್ದರು ಅಂತ ಹೀಗೆಯೇ ಗೊತ್ತಾಗಿದ್ದು. ಬಿಟ್ಟುಹೋಗೋದು ಹಳ್ಳಿಗಿಂತ ನಗರದಲ್ಲೇ ಹೆಚ್ಚು.

ಅಂದರೆ ನಮ್ಮಂಥವರೇ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ರಾತ್ರಿ ಒಂಬತ್ತಕ್ಕೆ ಬರುವ, ವರ್ಷಕ್ಕೊಮ್ಮೆ ಬಾಡಿಗೆ ಮನೆ ಬದಲಿಸುವ, ಪಿಜಿಯಲ್ಲಿರುವ ಜನ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಊಟ ತರುವ ಹುಡುಗನಿಗೆ ಒಂದು ನಿಮಿಷದಲ್ಲಿ ಅನುಮತಿ ಸಿಗುತ್ತದೆ. ಸಮೀಕ್ಷೆಯ ಐಡಿ ಕಾರ್ಡ್ ಹಾಕಿಕೊಂಡು ಬಂದ ಹೆಣ್ಣುಮಗಳು ಸೆಕ್ಯೂರಿಟಿಯ ಕುರ್ಚಿ ಪಕ್ಕ ಕಾಯುತ್ತಾ ನಿಂತಿರುತ್ತಾಳೆ. ಆಮೇಲೆ ನಾವೇ "ಈ ಸರ್ವೇ ಎಲ್ಲ ಯಾರನ್ನು ಕೇಳಿ ಮಾಡ್ತಾರೋ, ನಮ್ಮನ್ನಂತೂ ಯಾರೂ ಕೇಳಿಲ್ಲ" ಅಂತ ಕಾಮೆಂಟ್ ಹಾಕುತ್ತೇವೆ.

ಜೊತೆಗೆ ಐದನೇ ಸುತ್ತಿನ ಊರು-ಬಡಾವಣೆಗಳನ್ನು ಆರಿಸಿದ ಪಟ್ಟಿ 2011ರ ಜನಗಣತಿಯದ್ದು. ಆಗ ಹಳ್ಳಿ ಅಂತ ಬರೆದ ಬೆಂಗಳೂರಿನ ಹೊರವಲಯದ ಎಷ್ಟೋ ಜಾಗಗಳಲ್ಲಿ ಈಗ ಇಪ್ಪತ್ತು ಮಹಡಿಯ ಟವರ್‌ಗಳಿವೆ. 2021ರಲ್ಲಿ ಆಗಬೇಕಿದ್ದ ಗಣತಿ ಆಗ ನಡೆಯಲಿಲ್ಲ. ಹೊಸ ಗಣತಿಯ ಲೆಕ್ಕಕ್ಕೆ ಗೊತ್ತುಮಾಡಿರುವ ದಿನ 2027ರ ಮಾರ್ಚ್ 1. ಅಲ್ಲಿಯವರೆಗೆ ಹಳೇ ನಕ್ಷೆ ಹಿಡಿದೇ ಹೊಸ ಊರು ಹುಡುಕಬೇಕು.

ಮುಂದಿನ ಸಲ ಫೋನಿನಲ್ಲಿ ಇಂಥ ಅಂಕಿ ಬಂದಾಗ ಮೂರು ಪ್ರಶ್ನೆ ಕೇಳಿ, ಆಮೇಲೆ ಫಾರ್ವರ್ಡ್ ಮಾಡಿ. ಯಾರನ್ನು ಎಣಿಸಿದರು, ಯಾರು ಬಿಟ್ಟುಹೋದರು? ಏನನ್ನು, ಹೇಗೆ ಕೇಳಿದರು? ಯಾವಾಗ ಕೇಳಿದರು? 1020ರ ಉಬ್ಬು ಮೊದಲ ಪ್ರಶ್ನೆಗೇ ಇಳಿಯುತ್ತದೆ. ರಕ್ತದ ಅಂಕಿ, ಹೊಡೆತದ ಅಂಕಿ ಅರ್ಥವಾಗೋದು ಎರಡನೆಯದಕ್ಕೆ. ಲಾಕ್‌ಡೌನ್ ವಾದ ಬೀಳೋದು ಮೂರನೆಯದಕ್ಕೆ.

ಮತ್ತೆ, ಸಮೀಕ್ಷೆಯವರು ನಿಮ್ಮ ಮನೆಗೇ ಬಂದರೆ ಐಡಿ ಕಾರ್ಡ್ ನೋಡಿ, ಒಳಗೆ ಕರೆದು ಕುಡಿಯೋಕೆ ನೀರು ಕೊಡಿ. ಪ್ರಶ್ನೆ ನಿಮ್ಮ ಅಮ್ಮನಿಗೋ, ಅತ್ತಿಗೆಗೋ, ಹೆಂಡತಿಗೋ ಆಗಿದ್ದರೆ ಪಕ್ಕದಲ್ಲಿ ಕೂತು ಅವರ ಪರವಾಗಿ ಉತ್ತರ ಹೇಳಬೇಡಿ. ಎದ್ದು ಇನ್ನೊಂದು ಕೋಣೆಗೆ ಹೋಗಿ, ಬಾಗಿಲು ಹಾಕಿಕೊಳ್ಳಿ.